ಬಯಲಿನಲ್ಲಿ ಬೀಡಿ ನಿಷೇಧ: ಖರ್ಚು ಪುರಸಭೆಗೆ, ಜಮಾ ಯಾರಿಗೆ?



ಸಾರ್ವಜನಿಕ ಸ್ಥಳದಲ್ಲಿ ಬೀಡಿ, ಸಿಗರೇಟು ಸೇದಿದವರಿಗೆ ಇಷ್ಟು ವರ್ಷ ಇದ್ದ ದಂಡ 200 ರೂಪಾಯಿವರೆಗೆ. ಕರ್ನಾಟಕದಲ್ಲಿ ಈಗ ಅದು 1,000 ರೂಪಾಯಿವರೆಗೆ ಏರಿದೆ. 2024ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿ, 2025ರ ಮೇ ಕೊನೆಯಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ದಂಡದ ಜೊತೆಗೆ ಬೇರೆ ಬದಲಾವಣೆಗಳೂ ಇವೆ. 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ ಜೈಲು. ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಜಗಿದು ಉಗುಳುವುದೂ ಅಪರಾಧ.

ಸುದ್ದಿ ಓದಿದವರೆಲ್ಲ "ಒಳ್ಳೆಯದಾಯಿತು" ಎಂದರು. ನಾನೂ ಅಂದೆ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಾಡುವ ವ್ಯಾಪಾರಿಯಾಗಿ ನನಗೆ ಒಂದು ಲೆಕ್ಕ ಕೂಡಿ ಬರಲಿಲ್ಲ. ಬಸ್ ನಿಲ್ದಾಣದ ಹೊರಗೆ, ಸಂತೆಯಲ್ಲಿ, ಜಾತ್ರೆಯಲ್ಲಿ, ಕೆರೆ ದಂಡೆಯಲ್ಲಿ ಈ ನಿಯಮವನ್ನು ಜಾರಿಗೆ ತರುವವರು ಯಾರು? ಅವರ ಪಗಾರ ಯಾವ ಬಾಬತ್ತಿನಿಂದ ಬರಬೇಕು? ಬೀದಿ ಗುಡಿಸುವ ಪುರಸಭೆಗೆ ಇದರಿಂದ ಸಿಗುವುದೇನು? ಕಾನೂನು ಓದಿದವನಲ್ಲ ನಾನು, ಕೀರ್ದಿ-ಖಾತೆ ಬರೆದವನು. ಹಾಗಾಗಿ ಈ ವಿಷಯವನ್ನು ಜಮಾ-ಖರ್ಚಿನ ಕಡೆಯಿಂದಲೇ ನೋಡುತ್ತೇನೆ.

"ಬಯಲು" ಎಂದರೆ ಯಾವುದು?

ಮೊದಲು ಕಾಯ್ದೆ. ನಾವು "ಕೋಟ್ಪಾ" ಎಂದು ಕರೆಯುವ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ ಬಂದದ್ದು 2003ರಲ್ಲಿ. ಅದಕ್ಕೂ ಮೊದಲು, 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದ ಧೂಮಪಾನ ಕಾನೂನುಬಾಹಿರ ಎಂದಿತ್ತು. 2001ರ ನವೆಂಬರ್ 2ರಂದು ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಬಸ್ಸು, ರೈಲು ಮುಂತಾದೆಡೆ ಧೂಮಪಾನ ನಿಲ್ಲಿಸಲು ಆದೇಶ ಕೊಟ್ಟಿತು.

2003ರ ಕಾಯ್ದೆಯಲ್ಲಿ "ಸಾರ್ವಜನಿಕ ಸ್ಥಳ" ಎಂಬ ಮಾತಿನ ಅರ್ಥ ಹೇಳುವಾಗ ಬಯಲು ಜಾಗ ಇದರಲ್ಲಿ ಸೇರುವುದಿಲ್ಲ ಎಂದು ಬರೆದಿದ್ದರು. 2008ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯ ದಿನ ಜಾರಿಗೆ ಬಂದ ನಿಯಮಗಳು ಇದನ್ನು ಬಿಗಿ ಮಾಡಿದವು. ಬಯಲು ರಂಗಮಂದಿರ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ, ಬಸ್ ತಂಗುದಾಣ ಮತ್ತು ಜನ ಬಂದುಹೋಗುವ ಅಂಥ ಇತರ ಜಾಗಗಳನ್ನು ಬಯಲು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ನಿಯಮ ಹೇಳಿತು. ರಸ್ತೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. "ಅಂಥ ಇತರ ಜಾಗಗಳು" ಎಂಬ ಮಾತಿನಲ್ಲಿ ಸಂತೆ ಬರುತ್ತದೋ, ಜಾತ್ರೆಯ ಬಯಲು ಬರುತ್ತದೋ, ಚಹಾದ ಅಂಗಡಿಯ ಮುಂದಿನ ಬೆಂಚು ಬರುತ್ತದೋ ಎಂಬುದನ್ನು ಸ್ಥಳದಲ್ಲಿ ನಿಂತ ಅಧಿಕಾರಿಯೇ ತೀರ್ಮಾನಿಸಬೇಕು. ವಾದಕ್ಕೆ ಬಂದವನ ಜೊತೆ ಅರ್ಧ ತಾಸು ಮಾತಾಡಿ 200 ರೂಪಾಯಿ ರಸೀದಿ ಹರಿಯುವ ಉತ್ಸಾಹ ಎಷ್ಟು ಜನರಿಗೆ ಇದ್ದೀತು?

ದಂಡ ಹಾಕುವ ಅಧಿಕಾರ ಇರುವವರ ಪಟ್ಟಿ ಉದ್ದವಾಗಿದೆ. ಆರೋಗ್ಯ ನಿರೀಕ್ಷಕರು, ಗೆಜೆಟೆಡ್ ಅಧಿಕಾರಿಗಳು, ಸ್ಟೇಷನ್ ಮಾಸ್ತರರು, ಅಂಚೆ ಮಾಸ್ತರರು, ಮುಖ್ಯೋಪಾಧ್ಯಾಯರು, ಗ್ರಂಥಪಾಲಕರು ಮುಂತಾದವರೆಲ್ಲ ಅದರಲ್ಲಿ ಇದ್ದಾರೆ. ಇವರೆಲ್ಲರಿಗೂ ಬೇರೆ ಮುಖ್ಯ ಕೆಲಸ ಇದೆ. ಎಲ್ಲರಿಗೂ ಹಂಚಿದ ಕೆಲಸ ಯಾರದೂ ಆಗುವುದಿಲ್ಲ ಎಂಬುದು ಕೂಡು ಕುಟುಂಬದಲ್ಲಿ ಬೆಳೆದ ನಮಗೆಲ್ಲ ಗೊತ್ತಿರುವ ಮಾತು.

ಒಂದೇ ಊರು, ಐದು ಮಾಲೀಕರು

ನಮ್ಮ ಜಿಲ್ಲೆಯನ್ನೇ ನೋಡೋಣ. ಬಾಗಲಕೋಟೆ, ಇಳಕಲ್‌ನಲ್ಲಿ ನಗರಸಭೆ. ಬಾದಾಮಿ, ಹುನಗುಂದದಲ್ಲಿ ಪುರಸಭೆ. ಊರಿನ ಜನಕ್ಕೆ ಬಯಲಿನ ಕಸ ಎಂದರೆ ನಗರಸಭೆ, ಪುರಸಭೆಯೇ ನೆನಪಾಗುವುದು. ಆದರೆ ಜಾಗದ ಒಡೆತನ ಬೇರೆ ಬೇರೆ. ಬಸ್ ನಿಲ್ದಾಣ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ರೈಲು ನಿಲ್ದಾಣ ನೈಋತ್ಯ ರೈಲ್ವೆಯದು. ಮಾರುಕಟ್ಟೆ ಪ್ರಾಂಗಣ ಎಪಿಎಂಸಿಯದು. ಬಾದಾಮಿಯ ಗುಹೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವು. ಇವುಗಳ ನಡುವಿನ ರಸ್ತೆ, ಗಟಾರ, ಕೂಡು ರಸ್ತೆ, ಉದ್ಯಾನ ಇವು ಪುರಸಭೆಯವು.

ಬಾದಾಮಿಗೆ ಹೋದ ನಮ್ಮ ಸಮಾಜದವರು ನಾಲ್ಕನೆಯ ಗುಹೆಯ ತೀರ್ಥಂಕರರ ದರ್ಶನ ಮಾಡದೆ ಬರುವುದಿಲ್ಲ. ಟಿಕೆಟ್ ಪಡೆದು ಒಳಗೆ ಹೋದ ಮೇಲೆ ನೋಡಿಕೊಳ್ಳಲು ಪುರಾತತ್ವ ಇಲಾಖೆಯ ಸಿಬ್ಬಂದಿ ಇರುತ್ತಾರೆ. ಟಿಕೆಟ್ ಕಿಟಕಿಯ ಹೊರಗೆ, ವಾಹನ ನಿಲ್ಲಿಸುವ ಜಾಗ, ಊರೊಳಗಿನ ದಾರಿ, ಅಗಸ್ತ್ಯ ತೀರ್ಥದ ಕಡೆಯ ಓಣಿ ಇವನ್ನೆಲ್ಲ ನೋಡಿಕೊಳ್ಳುವ ಭಾರ ಸ್ಥಳೀಯ ಆಡಳಿತದ್ದು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇರುವ ಮೇಗುತಿ ಜಿನಾಲಯ ಅಲ್ಲಿದೆ. ದೇಶದ ನಾನಾ ಕಡೆಯಿಂದ ಪ್ರವಾಸಿಗರು ಬರುತ್ತಾರೆ. ಆದರೆ ಊರು ನೋಡಿಕೊಳ್ಳುವುದು ಒಂದು ಗ್ರಾಮ ಪಂಚಾಯಿತಿ.

ಚೊಳಚಗುಡ್ಡದ ಬನಶಂಕರಿ ಜಾತ್ರೆಯ ಮಾತು ಬೇರೆಯೇ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಂಗಡಿಗಳು, ನಾಟಕ ಕಂಪನಿಗಳ ತಗಡಿನ ಶೆಡ್ಡುಗಳು, ಪರದೆಗಳು, ಬಟ್ಟೆಯ ರಾಶಿಗಳು. ಅಲ್ಲಿ ಒಂದು ಉರಿಯುವ ಬೀಡಿ ತುಂಡು ಎಲ್ಲಿ ಬೀಳುತ್ತದೆ ಎಂಬುದು ಆರೋಗ್ಯದ ಪ್ರಶ್ನೆಯಷ್ಟೇ ಅಗ್ನಿ ಸುರಕ್ಷತೆಯ ಪ್ರಶ್ನೆಯೂ ಹೌದು. ನೇಯ್ಗೆಯ ಊರಾದ ಇಳಕಲ್‌ನಲ್ಲಿ ನೂಲು, ರೇಷ್ಮೆ, ಸೀರೆಗಳ ಸಂಗ್ರಹ ಮನೆಮನೆಯಲ್ಲಿ ಇರುತ್ತದೆ. ಅಲ್ಲಿಯೂ ಇದೇ ಚಿಂತೆ. ಜಾತ್ರೆಯ ಬಯಲಿನಲ್ಲಿ ಧೂಮಪಾನ ತಡೆಯಬೇಕೆಂದರೆ ಹಗಲು-ರಾತ್ರಿ ಜನ ಬೇಕು. ಸಣ್ಣ ಸ್ಥಳೀಯ ಆಡಳಿತ ಆ ಜನರನ್ನು ಎಲ್ಲಿಂದ ತರಬೇಕು?

ಖರ್ಚಿನ ಬಾಬತ್ತು

ನಿಷೇಧಕ್ಕೆ ತಗಲುವ ಖರ್ಚನ್ನು ನಾಲ್ಕು ಭಾಗ ಮಾಡಬಹುದು.

ಮೊದಲನೆಯದು ಫಲಕ. ನಿಯಮದ ಪ್ರಕಾರ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರಕ್ಕೆ ಕಡಿಮೆಯಿಲ್ಲದ ಬಿಳಿ ಫಲಕದ ಮೇಲೆ ಇಲ್ಲಿ ಧೂಮಪಾನ ಅಪರಾಧ ಎಂದು ಬರೆದು ಪ್ರವೇಶದ ಬಳಿ ಹಾಕಬೇಕು. ಯಾರಿಗೆ ದೂರು ಕೊಡಬೇಕು ಎಂಬುದನ್ನೂ ತಿಳಿಸಬೇಕು. ಒಂದು ಫಲಕಕ್ಕೆ 500 ರೂಪಾಯಿ ಎಂದು ಹಿಡಿದರೂ 100 ಫಲಕಕ್ಕೆ 50 ಸಾವಿರ. ಇದು ಒಮ್ಮೆಯ ಖರ್ಚು, ಯಾವ ಪುರಸಭೆಗೂ ಭಾರವಲ್ಲ. ಹೆಚ್ಚಿನ ಕಡೆ ನಿಷೇಧ ಫಲಕದವರೆಗೆ ಬಂದು ನಿಂತುಬಿಡುವುದೂ ಇದೇ ಕಾರಣಕ್ಕೆ.

ಎರಡನೆಯದು ಜನ. ಇದೇ ದೊಡ್ಡ ಬಾಬತ್ತು. ತಿಳಿಯಲು ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಜನನಿಬಿಡ ಜಾಗಕ್ಕೆ ಎರಡು ಪಾಳಿಯಲ್ಲಿ ಇಬ್ಬರು, ಒಬ್ಬರಿಗೆ ತಿಂಗಳಿಗೆ 15 ಸಾವಿರ ಪಗಾರ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ 60 ಸಾವಿರ. ಹಳೆಯ 200 ರೂಪಾಯಿ ದಂಡದಲ್ಲಿ ಈ ಖರ್ಚು ಹೊರಡಬೇಕಾದರೆ ವರ್ಷಕ್ಕೆ 1,800 ರಸೀದಿ, ಅಂದರೆ ದಿನಕ್ಕೆ ಐದು ಹರಿಯಬೇಕು. ಪ್ರತಿಯೊಬ್ಬರಿಗೂ ಗರಿಷ್ಠ 1,000 ರೂಪಾಯಿ ಹಾಕಿದರೆ ವರ್ಷಕ್ಕೆ 360 ಸಾಕು, ದಿನಕ್ಕೆ ಒಂದು.

ಈ ಲೆಕ್ಕದಲ್ಲಿ ಒಂದು ಗಂಟು ಇದೆ. ಕಾವಲು ಸರಿಯಾಗಿ ನಡೆದರೆ ಆರು ತಿಂಗಳಲ್ಲಿ ಆ ಜಾಗದಲ್ಲಿ ಸೇದುವವರೇ ಕಡಿಮೆ ಆಗುತ್ತಾರೆ. ಆಗ ದಂಡದ ಹಣ ನಿಲ್ಲುತ್ತದೆ, ಪಗಾರ ನಿಲ್ಲುವುದಿಲ್ಲ. ನಿಷೇಧ ಗೆದ್ದಷ್ಟೂ ಅದರ ಆದಾಯ ಇಳಿಯುತ್ತದೆ. ಆದ್ದರಿಂದ ದಂಡದ ಹಣದಿಂದಲೇ ನಿಷೇಧ ನಡೆಯಲಿ ಎನ್ನುವವರು ಒಂದೋ ನಿಷೇಧ ಸೋಲಲಿ ಎನ್ನುತ್ತಿದ್ದಾರೆ, ಇಲ್ಲವೇ ಜನರನ್ನು ಸುಮ್ಮನೆ ಹಿಡಿದು ಗುರಿ ಮುಟ್ಟಿಸಲಿ ಎನ್ನುತ್ತಿದ್ದಾರೆ. ಎರಡೂ ಬೇಡ.

ಮೂರನೆಯದು ಸ್ವಚ್ಛತೆ. ಸಿಗರೇಟಿನ ಫಿಲ್ಟರ್ ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಬೇಗ ಕೊಳೆಯುವುದಿಲ್ಲ. ಗಟಾರಕ್ಕೆ ಇಳಿದರೆ ಹೂಳಿನ ಜೊತೆ ಸೇರುತ್ತದೆ. ಪೌರಕಾರ್ಮಿಕರು ಅದನ್ನು ಈಗಲೂ ಗುಡಿಸುತ್ತಲೇ ಇದ್ದಾರೆ. ಅಂದರೆ ನಿಷೇಧ ಇಲ್ಲದಿದ್ದರೂ ಪುರಸಭೆಗೆ ಖರ್ಚು ಇದ್ದೇ ಇದೆ. ಬೇರೆ ತಲೆಬರಹದಲ್ಲಿ ಬರೆದಿರುವುದರಿಂದ ಅದು ನಮಗೆ ಕಾಣುವುದಿಲ್ಲ.

ನಮ್ಮ ಕಡೆ ಹೊಗೆಗಿಂತ ಉಗುಳಿನ ಖರ್ಚೇ ಹೆಚ್ಚು ಎಂಬುದನ್ನೂ ಮರೆಯಬಾರದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ಒಂದಲ್ಲ ಒಂದು ರೀತಿಯ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲೇ ನಿಷೇಧಿಸಿದೆ. ಆದರೂ ಕಚೇರಿಗಳ ಮೆಟ್ಟಿಲ ಮೂಲೆಗಳು, ಮಳಿಗೆಗಳ ಗೋಡೆಗಳು ಕೆಂಪಾಗಿಯೇ ಇವೆ. ಅವನ್ನು ತೊಳೆಯಲು ನೀರು, ಬಳಿಯಲು ಬಣ್ಣ, ಆಳು ಬೇಕು. ಹೊಸ ತಿದ್ದುಪಡಿ ಉಗುಳುವುದನ್ನೂ ಸೇರಿಸಿಕೊಂಡದ್ದು ನಮ್ಮ ಊರುಗಳ ಮಟ್ಟಿಗೆ ದಂಡ ಏರಿಸಿದ್ದಕ್ಕಿಂತ ದೊಡ್ಡ ಹೆಜ್ಜೆ.

ನಾಲ್ಕನೆಯದು ಕಾಗದ ಪತ್ರ. ರಸೀದಿ ಪುಸ್ತಕ, ತಿಂಗಳ ವರದಿ, ಸಿಬ್ಬಂದಿ ತರಬೇತಿ, ದಂಡ ಕೊಡಲು ಒಪ್ಪದವನ ಪ್ರಕರಣಕ್ಕೆ ಕೋರ್ಟಿಗೆ ಓಡಾಟ. ಒಂದು ಪ್ರಕರಣಕ್ಕೆ ಆರೋಗ್ಯ ನಿರೀಕ್ಷಕರ ಒಂದು ದಿನ ಹೋದರೆ, ಆ ದಿನ ಅವರು ನೋಡಬೇಕಿದ್ದ ಹೋಟೆಲಿನ ಅಡುಗೆ ಮನೆ, ಕುಡಿಯುವ ನೀರಿನ ಟಾಕಿ ಹಾಗೆಯೇ ಉಳಿಯುತ್ತದೆ. ಈ ಖರ್ಚು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಜಮಾ ಎಲ್ಲಿ ಆಗುತ್ತದೆ?

ಈಗ ಇನ್ನೊಂದು ಪುಟ. ಒಂದು ಪಾಕೀಟು ಸಿಗರೇಟು ಹುನಗುಂದದಲ್ಲಿ ಮಾರಾಟವಾದರೆ ಜಿಎಸ್‌ಟಿ ಕೇಂದ್ರಕ್ಕೂ ರಾಜ್ಯಕ್ಕೂ ಹೋಗುತ್ತದೆ, ಅಬಕಾರಿ ಸುಂಕ ಕೇಂದ್ರಕ್ಕೆ. ಹುನಗುಂದ ಪುರಸಭೆಗೆ ನೇರವಾಗಿ ಒಂದು ಪೈಸೆಯೂ ಇಲ್ಲ. ಹಿಂದೆ ಊರ ಬಾಗಿಲಲ್ಲಿ ಜಕಾತಿ ನಾಕಾ ಇದ್ದುದನ್ನು ನಮ್ಮ ವಯಸ್ಸಿನ ವ್ಯಾಪಾರಿಗಳು ಬಲ್ಲರು. ಊರೊಳಗೆ ಬರುವ ಸರಕಿನ ಮೇಲೆ ಪುರಸಭೆಗೆ ಅದರಿಂದ ಆದಾಯವಿತ್ತು. ಕರ್ನಾಟಕ 1979ರಲ್ಲಿ ಜಕಾತಿಯನ್ನು ರದ್ದು ಮಾಡಿತು. ವ್ಯಾಪಾರಕ್ಕೆ ಅದು ಒಳ್ಳೆಯದೇ ಆಯಿತು, ನಾಕಾದ ಕಿರಿಕಿರಿ ತಪ್ಪಿತು. ಆದರೆ ಆ ಮೇಲೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ವ್ಯಾಪಾರ ಪರವಾನಗಿ ಶುಲ್ಕ ಮತ್ತು ಮೇಲಿನ ಸರ್ಕಾರಗಳ ಅನುದಾನವನ್ನೇ ನಂಬಿಕೊಂಡಿವೆ.

ತೆರಿಗೆ ಬಿಡಿ, ದಂಡವಾದರೂ ಊರಿಗೆ ಬರುತ್ತದೆಯೇ? ಕೋಟ್ಪಾ ಕಾಯ್ದೆಯಲ್ಲಿ ದಂಡದ ಇಂತಿಷ್ಟು ಪಾಲು ಸ್ಥಳೀಯ ಸಂಸ್ಥೆಗೆ ಎಂದು ಎಲ್ಲಿಯೂ ಬರೆದಿಲ್ಲ. ಆಸ್ಪತ್ರೆಯ ಖರ್ಚು ಉಳಿದರೆ ಅದರ ಲಾಭವೂ ಪುರಸಭೆಗೆ ಅಲ್ಲ. ಅದು ಆ ಮನೆಯವರಿಗೆ, ಜಿಲ್ಲಾಸ್ಪತ್ರೆ ನಡೆಸುವ ರಾಜ್ಯ ಸರ್ಕಾರಕ್ಕೆ, ವಿಮೆ ಕೊಡುವವರಿಗೆ. ಉಳಿತಾಯ ಸಣ್ಣದೇನೂ ಅಲ್ಲ. 35 ವರ್ಷ ದಾಟಿದವರಲ್ಲಿ ತಂಬಾಕಿನಿಂದ ಬರುವ ರೋಗ ಮತ್ತು ಸಾವುಗಳಿಂದ ದೇಶಕ್ಕೆ 2017-18ರಲ್ಲಿ ಆದ ನಷ್ಟ 1,77,341 ಕೋಟಿ ರೂಪಾಯಿ ಎಂದು ಅಂದಾಜಾಗಿದೆ. ಅಂಥ ಮೊತ್ತದ ಮುಂದೆ ಒಂದು ಪುರಸಭೆಯ ಮೂರು-ನಾಲ್ಕು ಲಕ್ಷ ಏನೂ ಅಲ್ಲ.

ನಿಷೇಧ ದುಬಾರಿ ಎಂಬ ಮಾತು ಹಾಗಾಗಿ ನಿಲ್ಲುವುದಿಲ್ಲ. ಇಡೀ ಸಮಾಜದ ಲೆಕ್ಕದಲ್ಲಿ ಅದು ಅಗ್ಗದ ಸೌದೆ. ತೊಂದರೆ ಇರುವುದು ಪಾಲುದಾರಿಕೆಯಲ್ಲಿ. ಬಂಡವಾಳ ಒಬ್ಬ ಪಾಲುದಾರನದು, ಲಾಭವೆಲ್ಲ ಇತರ ಪಾಲುದಾರರದು ಎಂದರೆ ಆ ಅಂಗಡಿ ನಡೆಯುವುದಿಲ್ಲ. 2008ರಿಂದ ಬಯಲಿನ ನಿಷೇಧ ಕಾಗದದ ಮೇಲೆ ಉಳಿದದ್ದಕ್ಕೆ ಜನರ ಹಟ, ಅಧಿಕಾರಿಗಳ ಉದಾಸೀನ ಎಂದು ದೂರುತ್ತೇವೆ. ಈ ಜಮಾ-ಖರ್ಚನ್ನು ಸರಿಪಡಿಸದೆ ದೂರಿದರೆ ಪ್ರಯೋಜನ ಇಲ್ಲ.

ಬೇರೆಯವರು ಹೇಗೆ ಮಾಡಿದರು?

ಜಪಾನಿನ ಟೋಕಿಯೊ ನಗರದ ಚಿಯೋದಾ ಎಂಬ ವಾರ್ಡು 2002ರಲ್ಲಿ ಗೊತ್ತುಪಡಿಸಿದ ಬೀದಿಗಳಲ್ಲಿ ಸೇದುವುದನ್ನು ನಿಷೇಧಿಸಿ 2,000 ಯೆನ್ ದಂಡ ಇಟ್ಟಿತು. ಗಸ್ತು ತಿರುಗಲು ಸಿಬ್ಬಂದಿಯನ್ನೂ ನೇಮಿಸಿತು. ಜಪಾನಿನಲ್ಲಿ ತಂಬಾಕಿನ ತೆರಿಗೆಯ ಒಂದು ಭಾಗ ಸ್ಥಳೀಯ ಆಡಳಿತಗಳಿಗೇ ಸೇರುತ್ತದೆ. ಊರಲ್ಲಿ ಮಾರಾಟವಾದ ಸಿಗರೇಟಿನಿಂದ ಬಂದ ಹಣದಲ್ಲಿ ಒಂದು ಪಾಲು ಆ ಊರಿಗೇ ಇದೆ ಎಂದಾಗ ಖರ್ಚಿಗೆ ದಾರಿ ಇರುತ್ತದೆ.

ನ್ಯೂಯಾರ್ಕ್ ನಗರ 2011ರ ಮೇ ತಿಂಗಳಿಂದ ಉದ್ಯಾನ, ಕಡಲತೀರಗಳಲ್ಲಿ ನಿಷೇಧ ತಂದಿತು. ದಂಡ 50 ಡಾಲರ್. ಹೊಸ ಪಡೆ ಕಟ್ಟದೆ, ಫಲಕ ಮತ್ತು ಜನರ ಪರಸ್ಪರ ಹೇಳಿಕೆಯ ಮೇಲೆಯೇ ಹೆಚ್ಚು ಭರವಸೆ ಇಟ್ಟಿತು. ಇಟಲಿಯ ಮಿಲಾನ್ 2025ರ ಜನವರಿ 1ರಿಂದ ಬೀದಿಗಳಲ್ಲೂ ನಿಷೇಧ ಹೇರಿತು. ಆದರೆ ಇತರರಿಂದ 10 ಮೀಟರ್ ದೂರ ನಿಂತವನಿಗೆ ವಿನಾಯಿತಿ ಕೊಟ್ಟಿತು. ಫ್ರಾನ್ಸ್ 2025ರ ಜೂನ್ ಕೊನೆಯಿಂದ ಉದ್ಯಾನ, ಕಡಲತೀರ, ಬಸ್ ತಂಗುದಾಣ, ಶಾಲೆಗಳ ಹೊರಭಾಗದಲ್ಲಿ ನಿಷೇಧಿಸಿತು. ಮಕ್ಕಳು ಇರುವ ಜಾಗಗಳನ್ನೇ ಮೊದಲು ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಯುರೋಪಿನ ಒಕ್ಕೂಟ 2019ರ ಪ್ಲಾಸ್ಟಿಕ್ ನಿರ್ದೇಶನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀದಿಯಲ್ಲಿ ಬಿದ್ದ ಫಿಲ್ಟರ್ ತುಂಡುಗಳನ್ನು ಗುಡಿಸುವ ಖರ್ಚನ್ನು ಸಿಗರೇಟು ತಯಾರಿಸುವ ಕಂಪನಿಗಳೇ ಭರಿಸಬೇಕು ಎಂದಿತು.

ನಮ್ಮ ದೇಶದಲ್ಲಿ ಚಂಡೀಗಢ 2007ರಲ್ಲಿ ಧೂಮಪಾನ ಮುಕ್ತ ನಗರ ಎಂದು ಘೋಷಿಸಿಕೊಂಡಿತು. ಅಲ್ಲಿ ಆಡಳಿತದ ಜೊತೆ ಸ್ವಯಂಸೇವಕರು ಕೈ ಜೋಡಿಸಿದ್ದರು.

ಇಷ್ಟು ದೂರ ಹೋಗುವುದೇಕೆ, ನಮ್ಮ ಇಳಕಲ್‌ನ ಉದಾಹರಣೆ ಇದೆಲ್ಲಕ್ಕಿಂತ ಹತ್ತಿರದ್ದು. ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ಸುತ್ತಿ, ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದು ಕೇಳಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ರಸೀದಿ ಪುಸ್ತಕವಿಲ್ಲದೆ, ಕಾವಲುಗಾರರಿಲ್ಲದೆ ನಡೆದ ಕೆಲಸ ಅದು. ಮನಸ್ಸು ಒಲಿಸುವ ಕೆಲಸಕ್ಕೆ ಪುರಸಭೆಯ ಖರ್ಚು ಎಷ್ಟು ಕಡಿಮೆ ಎಂಬುದಕ್ಕೆ ಜೋಳಿಗೆಯೇ ಸಾಕ್ಷಿ. ಜೋಳಿಗೆ ಹಿಡಿಯುವವರು ಸಿಕ್ಕ ಕಡೆಯಲ್ಲೆಲ್ಲ ದಂಡದ ಕೆಲಸ ಹಗುರವಾಗುತ್ತದೆ.

ವ್ಯಾಪಾರಿಗಳ ಮತ್ತು ಬಡವರ ಮಾತು

ಇನ್ನೊಂದು ಬದಿಯನ್ನೂ ಕೇಳಬೇಕು. ಪಾನ್ ಅಂಗಡಿಯವರಲ್ಲಿ ಹಲವರು ಪುರಸಭೆಯ ಮಳಿಗೆಯಲ್ಲೇ ಬಾಡಿಗೆಗೆ ಇದ್ದಾರೆ. ತಂಬಾಕಿನ ಗಿರಾಕಿ ಕಡಿಮೆಯಾದರೆ ಮಳಿಗೆ ಖಾಲಿ ಬೀಳುತ್ತದೆ, ಬಾಡಿಗೆ ನಿಲ್ಲುತ್ತದೆ ಎಂಬ ಭಯ ಇದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಗಿರಾಕಿ ಚಹಾ, ಬಾಳೆಹಣ್ಣು, ಬಿಸ್ಕತ್ತು, ಮೊಬೈಲ್ ರೀಚಾರ್ಜ್ ಎಂದು ಖರ್ಚು ಮಾಡುತ್ತಲೇ ಇರುತ್ತಾನೆ. ಸರಕು ಬದಲಾಯಿಸುವ ಅಂಗಡಿ ಉಳಿಯುತ್ತದೆ. ಅದಕ್ಕೆ ಸಮಯ, ಸ್ವಲ್ಪ ಸಾಲ, ಸ್ವಲ್ಪ ತಿಳಿವಳಿಕೆ ಬೇಕು.

ನಮ್ಮ ಸಮಾಜದಲ್ಲೂ ಕಿರಾಣಿ ಅಂಗಡಿಯಲ್ಲಿ ಬೀಡಿ ಕಟ್ಟು ಇಡುವವರು ಇದ್ದಾರೆ. ನಿಪ್ಪಾಣಿ ಕಡೆ ತಂಬಾಕು ಬೆಳೆಯುವ, ಅದರ ವ್ಯಾಪಾರ ಮಾಡುವ ಕುಟುಂಬಗಳೂ ಇವೆ. ಅವರನ್ನು ಬೈದು ಉಪಯೋಗ ಇಲ್ಲ. ತಲೆಮಾರಿನಿಂದ ಬಂದ ಬೆಳೆಯನ್ನು ಬಿಡುವುದು ಸಭೆಯಲ್ಲಿ ಕೈ ಎತ್ತಿದಷ್ಟು ಸುಲಭ ಅಲ್ಲ.

ಬಡವರ ಮಾತು ಇನ್ನೂ ಮುಖ್ಯ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಗರಿಷ್ಠ ದಂಡ 1,000 ಎಂದರೆ ಸುಮಾರು ಮೂರು ದಿನದ ದುಡಿಮೆ. ಕಾರಿನಲ್ಲಿ ಕೂತು ಸೇದುವವನು ಯಾರ ಕಣ್ಣಿಗೂ ಬೀಳುವುದಿಲ್ಲ, ಬಸ್ ಕಾಯುವ ಹಮಾಲ ಕೈಗೆ ಸಿಗುತ್ತಾನೆ. ಅವನ ಮನೆಯ ರೊಟ್ಟಿಗೆ ಕೈ ಹಾಕಿ ಊರು ಸ್ವಚ್ಛ ಮಾಡುವುದು ನನಗೆ ಸರಿ ಕಾಣುವುದಿಲ್ಲ. 1,000 ಎಂಬುದು ಗರಿಷ್ಠ ಮಿತಿ ಎಂಬುದನ್ನು ಅಧಿಕಾರಿಗಳು ನೆನಪಿಡಲಿ. ಮೊದಲ ಸಲಕ್ಕೆ ಎಚ್ಚರಿಕೆ, ಎರಡನೆಯ ಸಲಕ್ಕೆ ಸಣ್ಣ ಮೊತ್ತ, ಮತ್ತೆ ಮತ್ತೆ ಮಾಡಿದವನಿಗೆ ಪೂರ್ತಿ ದಂಡ ಎಂಬ ಕ್ರಮ ಇದ್ದರೆ ಜನ ಒಪ್ಪುತ್ತಾರೆ.

ಹೊಗೆಯ ಪಕ್ಕ ನಿಂತವರಿಗೂ ಹಕ್ಕು ಇದೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 23.9ರಷ್ಟು ಜನ ಸಾರ್ವಜನಿಕ ಸ್ಥಳಗಳಲ್ಲಿ ಬೇರೆಯವರ ಹೊಗೆ ಕುಡಿಯುತ್ತಾರೆ. ಸೇದುವವರು ನೂರಕ್ಕೆ ಒಂಬತ್ತು, ಹೊಗೆ ಕುಡಿಯುವವರು ನೂರಕ್ಕೆ ಇಪ್ಪತ್ತನಾಲ್ಕು. ಪ್ರಯೋಜನವಿಲ್ಲದೆ ಪರರಿಗೆ ಆಗುವ ಹಿಂಸೆಯನ್ನು ನಮ್ಮ ಶ್ರಾವಕಾಚಾರ ಅನರ್ಥದಂಡ ಎನ್ನುತ್ತದೆ. ಬಸ್ ನಿಲ್ದಾಣದಲ್ಲಿ ಕೂಸನ್ನು ಎತ್ತಿಕೊಂಡು ನಿಂತ ತಾಯಿಗೆ ಬೇರೆಯವರ ಬೀಡಿ ಹೊಗೆ ತಗಲುವುದಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ಗೊತ್ತಿಲ್ಲ.

ಏನು ಮಾಡಬಹುದು?

ಊರುಗಳ ಮಟ್ಟದಲ್ಲಿ ಈ ಐದು ಕೆಲಸ ಸಾಧ್ಯ ಎಂದು ನನ್ನ ಅನಿಸಿಕೆ.

ಒಂದು, ಇಡೀ ಊರಿಗೆ ಒಮ್ಮೆಲೇ ಕೈ ಹಾಕದೆ ಮೂರು-ನಾಲ್ಕು ಜಾಗ ಆರಿಸುವುದು. ಬಸ್ ನಿಲ್ದಾಣದ ಸುತ್ತ, ಶಾಲೆಗಳ ಮುಂದೆ, ತರಕಾರಿ ಮಾರುಕಟ್ಟೆ, ಬಾದಾಮಿಯಲ್ಲಾದರೆ ಗುಹೆಗಳ ದಾರಿ. ಅಲ್ಲಿ ಪೂರ್ತಿ ಜಾರಿ ಮಾಡಿ ತೋರಿಸಿದರೆ ಉಳಿದ ಕಡೆ ಜನರೇ ಕೇಳುತ್ತಾರೆ.

ಎರಡು, ಜಾಗದ ಮಾಲೀಕರ ಜೊತೆ ಲಿಖಿತ ಒಪ್ಪಂದ. ಸಾರಿಗೆ ಸಂಸ್ಥೆ, ರೈಲ್ವೆ, ಎಪಿಎಂಸಿ, ಪುರಾತತ್ವ ಇಲಾಖೆ ತಮ್ಮ ಗಡಿಯೊಳಗಿನ ಖರ್ಚು ತಾವು ನೋಡಿಕೊಳ್ಳಲಿ. ಗಡಿಯ ಹೊರಗಿನದು ಪುರಸಭೆಯದು.

ಮೂರು, ತಂಬಾಕು ಮಾರುವವರಿಗೆ ಪ್ರತ್ಯೇಕ ಪರವಾನಗಿ. ಸ್ಥಳೀಯ ಸಂಸ್ಥೆಗಳ ಮೂಲಕ ಹೀಗೆ ಪರವಾನಗಿ ಕೊಡುವ ವ್ಯವಸ್ಥೆ ಮಾಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರ ಸೆಪ್ಟೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಶುಲ್ಕ ಸಣ್ಣದಿದ್ದರೂ ಸಾಕು, ಅದು ವರ್ಷವರ್ಷ ಬರುವ ಹಣ. ದಂಡದಂತೆ ಏರಿಳಿಯುವುದಿಲ್ಲ. ಅಂಗಡಿ ಮುಂದೆ ಹೊತ್ತಿಸಿದ ಹಗ್ಗ ತೂಗುಹಾಕಬಾರದು, ಬಿಡಿ ಸಿಗರೇಟು ಮಾರಬಾರದು, ಅಂಗಡಿ ಮುಂದಿನ ತುಂಡುಗಳನ್ನು ಅಂಗಡಿಯವರೇ ಗುಡಿಸಬೇಕು ಎಂಬ ಷರತ್ತು ಹಾಕಬಹುದು.

ನಾಲ್ಕು, ದಂಡದಲ್ಲಿ ಪಾಲು. ಕೋಟ್ಪಾ ದಂಡದ ಒಂದು ಭಾಗ ಸ್ಥಳೀಯ ಸಂಸ್ಥೆಗೆ ಮರಳುವಂತೆ ರಾಜ್ಯ ಸರ್ಕಾರ ವ್ಯವಸ್ಥೆ ಮಾಡಲಿ. ಅಲ್ಲಿಯವರೆಗೆ ಇನ್ನೊಂದು ದಾರಿ ಇದೆ. ಬೀದಿಯಲ್ಲಿ ಕಸ ಎಸೆದವರಿಗೆ ಸ್ಥಳದಲ್ಲೇ ದಂಡ ಹಾಕಲು ಉಪವಿಧಿ ಮಾಡಿಕೊಳ್ಳಿ ಎಂದು 2016ರ ಘನತ್ಯಾಜ್ಯ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ಬೀಡಿ ತುಂಡು ಎಸೆಯುವುದೂ ಕಸ ಎಸೆಯುವುದೇ.

ಐದು, ಪುರಸಭೆಯ ಬಜೆಟ್‌ನಲ್ಲಿ ತಂಬಾಕು ನಿಯಂತ್ರಣಕ್ಕೆ ಒಂದು ಪ್ರತ್ಯೇಕ ಸಾಲು. ಎಷ್ಟು ಖರ್ಚು, ಎಷ್ಟು ರಸೀದಿ, ಎಷ್ಟು ಜಮಾ ಎಂಬುದು ವರ್ಷಕ್ಕೊಮ್ಮೆ ಜನರಿಗೆ ಗೊತ್ತಾಗಲಿ. ಬರೆಯದ ಖರ್ಚನ್ನು ಯಾರೂ ತುಂಬಿಕೊಡುವುದಿಲ್ಲ.

ಇನ್ನು ನಮ್ಮ ಪಾಲು. ರಾಜ್ಯದ ತುಂಬ ನಮ್ಮ ಸಮಾಜದ ಟ್ರಸ್ಟುಗಳು ಕಲ್ಯಾಣ ಮಂಟಪ, ಧರ್ಮಶಾಲೆ, ಭೋಜನಶಾಲೆ, ಶಾಲಾ-ಕಾಲೇಜು, ಆಸ್ಪತ್ರೆ ನಡೆಸುತ್ತಿವೆ. ಕಾಯ್ದೆಯ ಕಣ್ಣಿನಲ್ಲಿ ಇವೆಲ್ಲ ಜನ ಬಂದುಹೋಗುವ ಸ್ಥಳಗಳು. ಅಲ್ಲಿ ಫಲಕ ಹಾಕುವುದು, ದೂರು ಕೇಳುವವರ ಹೆಸರು ಬರೆಯುವುದು, ಬೂದಿ ತಟ್ಟೆ, ಬೆಂಕಿಪೊಟ್ಟಣ ಇಡದಿರುವುದು ವ್ಯವಸ್ಥಾಪಕರ ಹೊಣೆ. ದೂರು ಬಂದರೂ ಸುಮ್ಮನಿದ್ದರೆ ಸೇದಿದವರ ಲೆಕ್ಕದಷ್ಟೇ ದಂಡ ವ್ಯವಸ್ಥಾಪಕರಿಗೂ ಬೀಳುತ್ತದೆ. ಮದುವೆಗೆ ಬಂದ ಬೀಗರಿಗೆ ಹೇಳುವುದು ಹೇಗೆ ಎಂಬ ಸಂಕೋಚ ಬೇಡ, ಬಾಗಿಲ ಫಲಕವೇ ಹೇಳಲಿ. ಜೊತೆಗೆ ಮಂಟಪದ ಹೊರಗಿನ ರಸ್ತೆ, ಗಟಾರವನ್ನೂ ಅಂದು ನಾವೇ ಗುಡಿಸಿಕೊಟ್ಟರೆ ಪುರಸಭೆಯ ಖರ್ಚು ಅಷ್ಟು ಉಳಿಯಿತು.

ಯುವಕ ಮಂಡಳಗಳು ಬನಶಂಕರಿ ಜಾತ್ರೆಯಲ್ಲಿ ಒಂದೆರಡು ದಿನದ ಪಾಳಿ ವಹಿಸಿಕೊಳ್ಳಬಹುದು. ದಂಡ ಹಾಕುವ ಅಧಿಕಾರ ನಮಗಿಲ್ಲ, ಕೈ ಮುಗಿದು ಹೇಳುವ ಅಧಿಕಾರ ಎಲ್ಲರಿಗೂ ಇದೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಬಿಡಿ ಸಿಗರೇಟು ಮಾರಾಟ ಇಂದೇ ನಿಲ್ಲಬೇಕು. ಅದು ಈಗ ಕಾನೂನು ಕೂಡ.

ವ್ಯಾಪಾರಿ ಬಂಧುಗಳಲ್ಲಿ ಒಂದು ಕೊನೆಯ ವಿನಂತಿ. ಪ್ರತಿ ವರ್ಷ ಬಜೆಟ್ ಮಂಡಿಸುವ ಮೊದಲು ನಗರಸಭೆ, ಪುರಸಭೆಗಳು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸುತ್ತವೆ. ನಾವು ಅಲ್ಲಿ ರಸ್ತೆ, ದೀಪ, ನೀರು ಕೇಳಿ ಬರುತ್ತೇವೆ. ಮುಂದಿನ ಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಕಳೆದ ವರ್ಷ ನಮ್ಮ ಊರಲ್ಲಿ ಕೋಟ್ಪಾ ದಂಡದ ರಸೀದಿ ಎಷ್ಟು ಹರಿದಿರಿ? ಆ ಹಣ ಯಾವ ಖಾತೆಗೆ ಹೋಯಿತು? ಈ ಕೆಲಸಕ್ಕೆ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದೀರಿ? ಉತ್ತರ ಬರೆದುಕೊಂಡು ಬನ್ನಿ, ಸಾಧ್ಯವಾದರೆ ಇಲ್ಲಿಗೂ ಕಳಿಸಿ. ನಾಲ್ಕಾರು ಊರಿನ ಉತ್ತರಗಳು ಒಟ್ಟಾದರೆ ಜಿಲ್ಲಾಡಳಿತದ ಮುಂದೆ ಇಡಲು ನಮ್ಮ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ.